ನದಿಯಾಚೆಯ ಜೈರೋ

ಏವ್ರಿಲ್ ಹೆಸ್ಲಪ್ ಇಂಗ್ಲೆಂಡಿನ ಸಂಡರ್‌ಲ್ಯಾಂಡಿನ ಅಂಚೆ ಕಚೇರಿಗೆ ಸೇರಿದ ಕಾಲಕ್ಕೆ ಜೈರೋ ಎಂದರೆ ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಹಣ ಕಳಿಸುವ ಚೀಟಿ. ಗ್ಯಾಸಿನ ಬಿಲ್ಲನ್ನೂ ಜನ ಅದರಲ್ಲೇ ಕಟ್ಟುತ್ತಿದ್ದರು. ಹಡಗು ಕಟ್ಟುವ ಯಾರ್ಡುಗಳು ಆಳುಗಳನ್ನು ಹೊರಹಾಕತೊಡಗಿದ ಮೇಲೆ ಆ ಮಾತಿಗೆ ಊರಲ್ಲಿ ಒಂದೇ ಅರ್ಥ ಉಳಿಯಿತು: ಕೆಲಸವಿಲ್ಲದವರಿಗೆ ಸರ್ಕಾರ ಎರಡು ವಾರಕ್ಕೊಮ್ಮೆ ಮನೆಗೆ ಕಳಿಸುವ ಚೆಕ್ಕು.

ಚೆಕ್ಕು ಬಂದ ದಿನ ಅವಳ ಕೌಂಟರಿನ ಮುಂದೆ ಸಾಲು ಬೀದಿಗೆ ಬರುತ್ತಿತ್ತು. ಸಂಜೆ ಮನೆಯಲ್ಲಿ ಅವಳು ಆ ಗಂಡಸರು ಹೇಗೆ ಟೋಪಿ ಕೆಳಕ್ಕೆಳೆದುಕೊಂಡು ನಿಲ್ಲುತ್ತಾರೆಂದು ಮಾಡಿ ತೋರಿಸುತ್ತಿದ್ದಳು. ಗಂಡ ವಿಲ್ಫ್, ಯಾರ್ಡಿನಲ್ಲಿ ವೆಲ್ಡರ್, ನಗುತ್ತಿದ್ದ.

ಅಕ್ಟೋಬರಿನಲ್ಲಿ ನದಿಯಾಚೆಯ ಅಂಚೆ ಕಚೇರಿಯವಳು ಕಾಯಿಲೆ ಬಿದ್ದಳೆಂದು ಏವ್ರಿಲ್‌ಳನ್ನು ಅಲ್ಲಿಗೆ ಕಳಿಸಿದರು. ಸಾಲಿನಲ್ಲಿ ಐದನೆಯವನಾಗಿ ವಿಲ್ಫ್ ನಿಂತಿದ್ದ. ಅವಳನ್ನು ನೋಡಿದವನೇ ಕಲ್ಲಾದ.

"ಏನಪ್ಪಾ, ದೆವ್ವ ಕಂಡೋನ್ ಥರ ನಿಂತ್ಬಿಟ್ಟೆ? ಮುಂದಕ್ಕೆ ಹೋಗು, ನನ್ನ ಕಾಲು ಬಿದ್ದೋಗ್ತಿವೆ!" ಹಿಂದಿದ್ದ ಮುದುಕಿ ನೂಕಿದಳು.

ಅವನು ಗಾಜಿನ ಕೆಳಗಿನಿಂದ ಚೆಕ್ಕು ಸರಿಸಿದ.

"ಗುರುತಿಗೇನಾದ್ರೂ ಇದೆಯಾ?" ಎಲ್ಲರನ್ನೂ ಕೇಳುವಂತೆಯೇ ಕೇಳಿದಳು. ಅವನು ನಿರುದ್ಯೋಗ ಕಚೇರಿಯ ಕಾರ್ಡು ಕೊಟ್ಟ. ಅದರ ಮೇಲೆ ಮಾರ್ಚ್ ತಿಂಗಳ ತಾರೀಕಿತ್ತು. ಠಸ್ಸೆ ಒತ್ತಿ ನೋಟು ಕೊಟ್ಟಳು.

"ಥ್ಯಾಂಕ್ಯೂ ಮೇಡಂ," ಎಂದು ಅವನು ಹೊರಟುಹೋದ.

ಸಂಜೆ ಎಂದಿನ ಹೊತ್ತಿಗೇ ಮನೆಗೆ ಬಂದ.

"ಏಳು ತಿಂಗಳು! ದಿನಾ ಬೆಳಗ್ಗೆ ಎದ್ದು ಎಲ್ಲಿಗೋಗ್ತಿದ್ದೆ?"

"ಲೈಬ್ರರಿಗೆ. ಮಳೆ ಇಲ್ದಿದ್ರೆ ಸಮುದ್ರದ ಕಡೆಗೆ. ನೀನು ಕೆಲ್ಸಕ್ಕೆ ಹೋದ್ಮೇಲೆ ಟಪಾಲು ಎತ್ಕೊಳ್ಳೋಕೆ ವಾಪಸ್ ಬರ್ತಿದ್ದೆ."

"ಸಂಬಳ ಅಂತ ಕೊಡ್ತಿದ್ಯಲ್ಲ?"

"ಯಾರ್ಡಿನೋರು ಕೆಲ್ಸದಿಂದ ತೆಗೆದಾಗ ಕೊಟ್ಟ ದುಡ್ಡು. ಮುಗೀತಾ ಬಂತು."

"ನನ್ಗೆ ಹೇಳೋಕೇನಾಗಿತ್ತು ನಿನ್ಗೆ?"

ವಿಲ್ಫ್ ಬೂಟಿನ ದಾರ ಬಿಚ್ಚುತ್ತಿದ್ದವನು ತಲೆಯೆತ್ತಲಿಲ್ಲ. "ಸಾಲಲ್ಲಿ ನಿಂತೋರ್ನ ನೋಡಿ ನೀನು ನಗ್ತಿದ್ಯಲ್ಲ ಕಣೇ."



ಮರುದಿನದಿಂದ ಅವನು ಮನೆ ಬಿಟ್ಟು ಹೊರಡಲಿಲ್ಲ. ಬೈದಳು, ಅತ್ತಳು, ಡಾಕ್ಟರನ್ನು ಕರೆಸಿದಳು. ಏನೂ ಉಪಯೋಗವಾಗಲಿಲ್ಲ. ಚೆಕ್ಕು ಬಂದರೆ ಹಿಂಬದಿಗೆ ಸಹಿ ಹಾಕಿ ಮೇಜಿನ ಮೇಲಿಡುತ್ತಿದ್ದ. ಊಟದ ಬಿಡುವಿನಲ್ಲಿ ಏವ್ರಿಲ್ ಅದನ್ನು ಹಿಡಿದು ಸೇತುವೆ ದಾಟಿ, ಆ ಚೆಕ್ಕಿಗೆ ಹಣ ಕೊಡುವ ಅದೇ ಕಚೇರಿಗೆ ಹೋಗಿ ಸಾಲಿನ ಕೊನೆಗೆ ನಿಲ್ಲತೊಡಗಿದಳು. ಅವಳನ್ನು ಗುರುತಿಸಿದವರು ಮಾತು ನಿಲ್ಲಿಸಿ, ಪಕ್ಕಕ್ಕೆ ಸರಿದು, ಗಾಳಿ ತಾಗದ ಗೋಡೆಯ ಬದಿಯನ್ನು ಬಿಟ್ಟುಕೊಡುತ್ತಿದ್ದರು.