ಥಂಡಿ ಹಿಡಿದ ಡಿಸ್ಕ್

ಆಗ ಕೊಪ್ಪದ ಬಸ್‌ಸ್ಟ್ಯಾಂಡ್ ಹಿಂದೆ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. "ಹೆಂಗಸು ಬಿಚ್ಚಿದ್ದನ್ನ ವಾಪಸ್ ಜೋಡಿಸ್ತಾಳಾ?" ಅಂತ ನನ್ನೆದುರೇ ಕೇಳುವವರಿದ್ದರು. "ಜೋಡಿಸಕ್ಕೆ ಆಗದಿದ್ರೆ ಮೊರದಲ್ಲಿ ಹಾಕಿ ಕೊಡ್ತೇನೆ, ಹೊತ್ಕೊಂಡು ಹೋಗಿ" ಅನ್ನುತ್ತಿದ್ದೆ. ನನ್ನ ಬಾಯಿ ಜೋರೇ. ಆದರೆ ಆ ಮಳೆಗಾಲ ಶೆಟ್ಟಿಕೊಪ್ಪ ಕಡೆಯಿಂದ ಬಂದ ಒಬ್ಬರ ಎದುರು ಅದೇ ಬಾಯಿ ಕಟ್ಟಿಹೋಯಿತು.

ಅವರು ಟವೆಲಿನಲ್ಲಿ ಸುತ್ತಿ ತಂದದ್ದು ಬರೀ ಹಾರ್ಡ್ ಡಿಸ್ಕ್. ಸಿಡಿಲಿಗೆ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋಗಿತ್ತು. ಕಂಪ್ಯೂಟರ್ ಮಗಳದು. ಕಾಲೇಜಿಗೆ ಹೋಗುತ್ತಿದ್ದ ಹುಡುಗಿ, ಬೇಸಿಗೆಯಲ್ಲಿ ಮಂಗನ ಕಾಯಿಲೆ ಬಂದು ತೀರಿಹೋಗಿದ್ದಳು. ಅಮ್ಮನಿಂದ ಕಲಿತ ಮದುವೆಮನೆಯ ಹಸೆ ಹಾಡುಗಳನ್ನು ಮೈಕ್ ಇಟ್ಟುಕೊಂಡು ರೆಕಾರ್ಡ್ ಮಾಡಿದ್ದಳಂತೆ.

"ಫೋಟೋ ಬೇಕಾದಷ್ಟಿದೆ ಮಾರಾಯ್ತಿ. ದನಿ ಮಾತ್ರ ಇದರಲ್ಲೇ ಇರೋದು. ಅವಳಮ್ಮ ಒಂದು ಸಲ ಕೇಳ್ಬೇಕು ಅಂತಾಳೆ."

ನನ್ನ ಯಂತ್ರ ಲಿನಕ್ಸಿನದು, ಬೋರ್ಡು ಶಿವಮೊಗ್ಗದಿಂದ ತಂದ ಸೆಕೆಂಡ್ ಹ್ಯಾಂಡ್. ಡಿಸ್ಕ್ ಸಿಕ್ಕಿಸಿದೆ. ಒಳಗೆ ತಿರುಗುವುದು ಕೈಗೆ ಗೊತ್ತಾಗುತ್ತಿತ್ತು. ಪರದೆಯಲ್ಲಿ ಮಾತ್ರ, ಆ ತುದಿಯಿಂದ ಉತ್ತರವಿಲ್ಲ ಅನ್ನುವ ಸಾಲುಗಳು ಒಂದರ ಕೆಳಗೊಂದು. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಲಿನಕ್ಸಿನ ತಿರುಳಾದ ಕರ್ನಲ್ಲನ್ನೇ ಬದಲಿಸಿದೆ. ಹಾಳಾದ್ದು! ಬೇರೆ ಡಿಸ್ಕುಗಳೆಲ್ಲ ಅದೇ ಬೋರ್ಡಿನಲ್ಲಿ ಸುಮ್ಮನೆ ಓಡುತ್ತಿದ್ದವು.

"ಡಿಸ್ಕ್ ಕೆಟ್ಟಿಲ್ಲ ಅಣ್ಣ, ಮಾತಾಡ್ತಿಲ್ಲ ಅಷ್ಟೇ. ಇದಕ್ಕೂ ನನ್ನ ಬೋರ್ಡಿಗೂ ಎಣ್ಣೆ ಸೀಗೆಕಾಯಿ. ಇಲ್ಲೇ ಬಿಟ್ಟು ಹೋಗಿ, ನೋಡ್ತೇನೆ" ಅಂದೆ. ಅದು ಮನೆಯಲ್ಲಿಲ್ಲದಿದ್ದರೆ ಹೆಂಡತಿಗೆ ನಿದ್ದೆ ಬರುವುದಿಲ್ಲ ಅಂದರು. ಮತ್ತೆ ಟವೆಲ್ ಸುತ್ತಿಕೊಂಡು ಬಸ್ ಹತ್ತಿದರು.

ನನ್ನ ಫೋನ್ ಲೈನ್ ಮಳೆಗೆ ಸತ್ತು ಬಿದ್ದಿತ್ತು. ವಾರಗಟ್ಟಲೆ ಕಾದ ಮೇಲೆ ಜೀವ ಬಂತು, ಇಂಟರ್ನೆಟ್ಟಿನಲ್ಲಿ ಹುಡುಕಿ ಹುಡುಕಿ ಉತ್ತರವೂ ಸಿಕ್ಕಿತು. ಬೋರ್ಡಿನಲ್ಲಿ ಡಿಸ್ಕಿನ ಜೊತೆ ಮಾತಾಡುವ ಕಂಟ್ರೋಲರ್ ಹಳೆಯದು, ಡಿಸ್ಕ್ ಹೊಸದು. ಅದರ ವೇಗ ಇದಕ್ಕೆ ಅರ್ಥವಾಗುವುದಿಲ್ಲ. ಡಿಸ್ಕಿನ ಹಿಂದಿನ ಎರಡು ಪಿನ್ನಿಗೆ ಜಂಪರ್ ಅನ್ನುವ, ಭತ್ತದ ಕಾಳಿನಷ್ಟು ಟೊಪ್ಪಿ ತೊಡಿಸಿದರೆ ಅದು ನಿಧಾನಕ್ಕೆ ಮಾತಾಡುತ್ತದೆ. ಇಷ್ಟೇ! ಕುಣಿದುಬಿಡುವಷ್ಟು ಖುಷಿಯಾಯಿತು. ಕೂಡಲೇ ಬನ್ನಿ ಅಂತ ಫೋನ್ ಮಾಡಿದೆ.

ಗಂಡ ಹೆಂಡತಿ ಇಬ್ಬರೂ ಬಂದರು. ಟವೆಲ್ ಬಿಚ್ಚಿದರೆ ಹೊಗೆ ವಾಸನೆ. ಡಿಸ್ಕಿನ ಮೇಲಿನ ಚೀಟಿ ಕಂದಿ, ಅಂಚು ಮುರುಟಿತ್ತು.

"ಅಯ್ಯೋ, ಇದೆಂತದು?"

"ಮಾತಾಡ್ತಿಲ್ಲ ಅಂದ್ರಲ್ಲ ತಂಗಿ, ಥಂಡಿ ಹಿಡಿದಿರ್ಬೇಕು ಅಂತ ಒಲೆ ಮೇಲೆ ಇಟ್ಟಿದ್ದೆ. ಬಿಸಿ ತಾಗ್ಲಿ ಅಂತ" ಅಂದರು ತಾಯಿ.

ನಮ್ಮ ಕಡೆ ಮಳೆಗಾಲದಲ್ಲಿ ಉಪ್ಪು, ಬೆಂಕಿಪೆಟ್ಟಿಗೆ, ಟಾರ್ಚಿನ ಸೆಲ್ಲು ಎಲ್ಲದಕ್ಕೂ ಒಲೆ ಮೇಲಿನ ಅಟ್ಟವೇ ಜಾಗ. ನನ್ನಮ್ಮನೂ ದನಿ ಹೋದ ರೇಡಿಯೋವನ್ನು ಹಾಗೇ ಒಣಗಿಸಿ ಮಾತಾಡಿಸಿದ್ದಳು. ಯಾರನ್ನು ಬೈಯಲಿ?

ಜಂಪರ್ ಹಾಕಿದೆ. ಡಿಸ್ಕ್ ಕಾಣಿಸಿತು. ಹಾಡುಗಳಿದ್ದ ಫೋಲ್ಡರೂ ಕಾಣಿಸಿತು. ಕಾಪಿಗೆ ಹಾಕಿದೆ. ಮೊದಲ ಫೈಲು ಚೂರು ಬಂತು, ನಿಂತಿತು. ಡಿಸ್ಕಿನೊಳಗೆ ಟಕ್, ಟಕ್ ಅನ್ನುವ ಸದ್ದು. ಆಮೇಲೆ ಏನು ಮಾಡಿದರೂ ಒಂದಕ್ಷರ ಓದಲಿಲ್ಲ.

ಬಂದಷ್ಟನ್ನೇ ಸ್ಪೀಕರಿಗೆ ಹಚ್ಚಿದೆ. ಗಂಟಲು ಸರಿಮಾಡಿಕೊಂಡ ಸದ್ದು. "ಅಮ್ಮಾ, ಶುರು ಮಾಡ್ಲಾ?" ಅಷ್ಟೇ.

"ಹೂಂ, ಮಾಡು ಮಗಾ" ಅಂದುಬಿಟ್ಟರು ತಾಯಿ.

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನತ್ತ ತಿರುಗಿದರು. "ನೋಡಿದ್ರಾ ತಂಗಿ, ಬಿಸಿ ತಾಗಿದ್ದಕ್ಕೆ ಇಷ್ಟಾದ್ರೂ ಬಂತು. ಇನ್ನೂ ಪೂರ್ತಿ ಒಣಗಿಲ್ಲ. ಮತ್ತೊಂದಷ್ಟು ದಿನ ಒಲೆ ಮೇಲಿಡ್ಲಾ?"

ಆ ಬಿಸಿಯೇ ಡಿಸ್ಕನ್ನು ಕೊಂದಿತ್ತು. ಗಂಡ ನನ್ನ ಮುಖ ನೋಡಿದರು, ಅವರಿಗೆ ತಿಳಿಯಿತು. ರಸ್ತೆ ಕಡೆ ತಿರುಗಿ ನಿಂತರು. ನನಗೆ ಬಾಯಲ್ಲಿ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

"ಇಡಿ ಅಕ್ಕ" ಅಂದೆ. ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ನಾನೇ ಅವರ ಕೈಗೆ ಕೊಟ್ಟೆ.