ನರಿಮರಿಗೆ ದೃಷ್ಟಿಬೊಟ್ಟು

ಹುನಗುಂದದಲ್ಲಿ ಫೋಟೊ ತೆಗೆಯುವ ಮಲಿಕಾಳನ್ನು ಬಿಟ್ಟು ಕುಬಸದ ಕಾರ್ಯ ನಡೆಯುವುದು ಕಡಿಮೆ. ಬಸುರಿ ಹೆಂಗಸು ಹಸಿರು ಸೀರೆಯುಟ್ಟು ಕೂತಾಗ ಎದುರಿಗೆ ಗಂಡಸು ಕ್ಯಾಮೆರಾ ಹಿಡಿದು ನಿಂತರೆ ಮುಖದ ನಗು ಅರ್ಧವಾಗುತ್ತದೆ. ಮಲಿಕಾ ನಿಂತರೆ ಹಾಗಲ್ಲ. "ಯಕ್ಕಾ, ಗಂಡನ್ನ ನೆನಸಬ್ಯಾಡ, ಹೋಳಿಗಿ ನೆನಸು" ಎನ್ನುತ್ತಾಳೆ. ಪಡಸಾಲೆಯೆಲ್ಲ ನಗುವ ಹೊತ್ತಿಗೆ ಫೋಟೊ ಆಗಿರುತ್ತದೆ.

ಇಷ್ಟು ವರ್ಷ ತೆಗೆದರೂ ಒಂದು ಫೋಟೊದ ಕೆಳಗೂ ಅವಳ ಹೆಸರಿಲ್ಲ. ಆಲ್ಬಮ್ಮಿನ ಮೇಲೆ ಅವಳು ಕೆಲಸ ಮಾಡುವ ಸ್ಟುಡಿಯೊದ ಹೆಸರು, ಒಳಗೆ ಮನೆಯವರ ಹೆಸರು. "ಒಂದ ಫೋಟೊದ ಬುಡಕರ ನನ್ನ ಹೆಸರ ನೋಡಬೇಕ್ರಿ" ಎಂದು ಅವಳು ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದುಂಟು.

ಹೋದ ವರ್ಷ ಮರೋಳದಲ್ಲಿ ಲಗಮವ್ವ ಎಂಬ ಮುದುಕಿಯ ಮನೆಯಲ್ಲಿ ತೊಟ್ಟಿಲ ಕಾರ್ಯವಿತ್ತು. ಮಲಿಕಾ ಹಿಂದಿನ ದಿನವೇ ಹೋಗಿ ಅಲ್ಲೇ ಉಳಿದಿದ್ದಳು. ಬೆಳಗಾಗುತ್ತಲೇ ಲಗಮವ್ವ ಅವಳನ್ನು ಎಬ್ಬಿಸಿದಳು. "ಬಾಣಂತಿ ಬರೇ ನಮ್ಮನ್ಯಾಗ ಅದಾಳಂತ ತಿಳ್ಕೊಂಡಿ ಏನು? ಹೊಲದಾಗೂ ಒಬ್ಬಾಕಿ ಅದಾಳ, ಬಾ."

ಕಾಲುವೆಯ ಬದಿಗೆ ಬಿದ್ದಿದ್ದ ಹಳೆಯ ಸಿಮೆಂಟ್ ಕೊಳವೆಯಲ್ಲಿ ನರಿಯೊಂದು ಮರಿ ಹಾಕಿತ್ತು. ಇಬ್ಬರೂ ಬದುವಿನ ಹಿಂದೆ ಸದ್ದಿಲ್ಲದೆ ಕೂತರು. ಎಳೆ ಬಿಸಿಲು ಕೊಳವೆಯ ಬಾಯಿಗೆ ಬಂದಾಗ ತಾಯಿ ಹೊರಗೆ ಬಂದು ಆಕಳಿಸಿತು. ಒಂದು ಮರಿ, ಒಳಗೇನಿದೆ ಎಂಬಂತೆ, ಆ ತೆರೆದ ಬಾಯೊಳಗೆ ಇಣುಕಿ ನೋಡಿತು. ಮಲಿಕಾ ಆ ಗಳಿಗೆಯನ್ನೇ ಕ್ಯಾಮೆರಾದಲ್ಲಿ ಹಿಡಿದಳು.

ಬಾದಾಮಿಯ ಗುಡ್ಡಗಳಲ್ಲಿ ಹಕ್ಕಿಗಳ ಚಿತ್ರ ತೆಗೆಯುವ ಗೀತಾಂಜಲಿ ಟೀಚರು ಆ ಫೋಟೊ ನೋಡಿ, ದೇಶದೇಶಗಳ ಜನ ಚಿತ್ರ ಕಳಿಸುವ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯೊಂದರ ವಿಳಾಸ ಕೊಟ್ಟರು. ಗೆದ್ದ ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿ ಪ್ರದರ್ಶನಕ್ಕೆ ಇಡುತ್ತಾರಂತೆ, ಪ್ರತಿಯೊಂದರ ಕೆಳಗೂ ತೆಗೆದವರ ಹೆಸರು ಇರುತ್ತದಂತೆ. ಮಲಿಕಾಳಿಗೆ ಅಷ್ಟೇ ಸಾಕಾಯಿತು. ಸ್ಟುಡಿಯೊದ ಕಂಪ್ಯೂಟರಿನ ಮುಂದೆ ಕೂರುವ ಮಹಾಂತೇಶನಿಗೆ, "ಬೆಳಕ ಒಂಚೂರ ಏರಿಸಿ ಕಳಸು" ಎಂದು ಹೇಳಿ ಇಳಕಲ್ಲಿನ ಮದುವೆಯೊಂದಕ್ಕೆ ಹೊರಟುಹೋದಳು.

ಕೆಲವು ತಿಂಗಳ ಮೇಲೆ ಉತ್ತರ ಬಂತು. ಚಿತ್ರ ಕೊನೆಯ ಸುತ್ತಿಗೆ ಬಂದಿದೆ, ಕ್ಯಾಮೆರಾದ ಮೂಲ ಫೈಲನ್ನು ಕಳಿಸಿ. ಸ್ಟುಡಿಯೊದಲ್ಲಿ ಪೇಢೆ ಹಂಚಿದರು. ಪೇಢೆ ತಿಂದ ಕೈ ಒರೆಸಿಕೊಂಡು ಮಲಿಕಾ ಮೂಲವನ್ನೂ ಕಳಿಸಿದ್ದನ್ನೂ ಒಟ್ಟಿಗೆ ತೆರೆದಳು. ಕಳಿಸಿದ ಚಿತ್ರದಲ್ಲಿ ಮರಿಯ ಕೆನ್ನೆಯ ಮೇಲೆ ದುಂಡಗೆ ಒಂದು ಕಪ್ಪು ಬೊಟ್ಟು!

"ಮಹಾಂತೇಶಾ, ಏನೋ ಇದು?"

"ದಿಟ್ಟಿಬಟ್ಟು, ಅಕ್ಕಾ."

ನಮ್ಮಲ್ಲಿ ಕೂಸಿನ ಫೋಟೊ ಬೊಟ್ಟಿಲ್ಲದೆ ಸ್ಟುಡಿಯೊದ ಹೊಸ್ತಿಲು ದಾಟುವುದಿಲ್ಲ. ತಾಯಿ ಇಡಲು ಮರೆತಿದ್ದರೆ ಮಹಾಂತೇಶ ಕಂಪ್ಯೂಟರಿನಲ್ಲಿ ಇಟ್ಟುಕೊಡುತ್ತಾನೆ.

"ಕೂಸಿಗೆ ಇಡೂದು ಸರಿ. ಇದು ನರಿ ಅಲ್ಲೇನೋ!"

"ಮರಿ ಅಂದ್ರ ಕೂಸ ಅಲ್ಲೇನಕ್ಕಾ? ಅದೂ ಪರದೇಶಕ್ಕ ಹೊಂಟಿತ್ತು. ಎಷ್ಟ ಮಂದಿ ಕಣ್ಣ ಬೀಳ್ತಾವು!"

ಚಿತ್ರಕ್ಕೆ ಹೊಸದಾಗಿ ಏನನ್ನೂ ಸೇರಿಸಬಾರದು ಎಂಬ ನಿಯಮವನ್ನು ಅವಳು ಓದಿ ಹೇಳಿದಾಗ ಮಹಾಂತೇಶನ ಮುಖ ಸಣ್ಣದಾಯಿತು. "ಮೂಲದಾಗೂ ಒಂದ ಇಟ್ಟಬಿಡ್ಲೇನಕ್ಕಾ? ಯಾರಿಗಿ ತಿಳೀತೈತಿ?"

"ದೇವರಿಗಿ ತಿಳೀತೈತಿ. ಸುಳ್ಳಿನ ಬುಡಕ ನನ್ನ ಹೆಸರ ಬ್ಯಾಡ."

ಮೂಲ ಫೈಲನ್ನು ಹಾಗೆಯೇ ಕಳಿಸಿ, ಬೊಟ್ಟಿನ ಸಂಗತಿಯನ್ನೂ ಇದ್ದದ್ದು ಇದ್ದಂತೆ ಬರೆದಳು. ಚಿತ್ರವನ್ನು ಸ್ಪರ್ಧೆಯಿಂದ ಕೈಬಿಟ್ಟರು. ಅಂದು ಅವಳು ಬುತ್ತಿ ಬಿಚ್ಚಲಿಲ್ಲ. ಮಹಾಂತೇಶನೂ ಬಿಚ್ಚಲಿಲ್ಲ.

ಅದೇ ವಾರ ಲಗಮವ್ವ ತೊಟ್ಟಿಲ ಕಾರ್ಯದ ಆಲ್ಬಮ್ ಒಯ್ಯಲು ಬಂದಳು. ಸುದ್ದಿ ಕೇಳಿ, ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕಳು.

"ಇದಕ್ಕ್ಯಾಕ ಮಾರಿ ಸಣ್ಣ ಮಾಡೀರಿ? ಬಟ್ಟು ತನ್ನ ಕೆಲಸಾ ಮಾಡೇತಿ. ನಾಯಿ ಎಷ್ಟ ಸಲ ಬಂದ್ವು, ಒಂದ ಮರೀನೂ ಹೋಗಿಲ್ಲ. ಈಗ ಶೇಂಗಾ ಹೊಲದಾಗ ಇಲಿ ಹಿಡೀತಾವು, ನಮಗೂ ಚಲೋ ಆಗೇತಿ. ಮಗಳ, ಆ ಫೋಟೊ ನಮ್ಮೂರ ಸಾಲಿಗಿ ಕೊಡು. ಬಟ್ಟು ಇದ್ದದ್ದ ಕೊಡು ಮತ್ತ, ಬೋಳ ಕೆನ್ನಿದು ಬ್ಯಾಡ."

ಮಲಿಕಾಳಿಗೂ ನಗು ಬಂತು.

ಹೀಗೆ ಚಿತ್ರ ದೊಡ್ಡದಾಗಿ ಮರೋಳದ ಶಾಲೆಯ ಗೋಡೆ ಏರಿತು. ಪೇಂಟರ್ ಪ್ರೇಮಕುಮಾರ ಅದರ ಕೆಳಗೆ ಕೆಂಪು ಬಣ್ಣದಲ್ಲಿ 'ಮಲಿಕಾ, ಹುನಗುಂದ' ಎಂದು ಬರೆದ. ಒಬ್ಬ ಹುಡುಗಿ ಗಟ್ಟಿಯಾಗಿ ಓದಿದಳು. ಓದು ಬಾರದ ಲಗಮವ್ವ ಅದನ್ನು ಕೇಳಿ ಸಿಟ್ಟಿಗೆದ್ದಳು.

"ಹುನಗುಂದ ಅಂತ ಯಾಕ ಬರದಿ? ನರಿ ನಮ್ಮೂರದು!"

"ಅದು ನರೀದಲ್ಲ ಆಯಿ, ನನ್ನ ಹೆಸರು, ನನ್ನ ಊರು" ಎಂದಳು ಮಲಿಕಾ.

"ಹೌದೇನು? ನಿಂದು ಇರಲಿ ಬಿಡು. ಹೊಲದಾಗಿನ ಬಾಣಂತಿ ಹೆಸರೂ ಬರೀಬೇಕಲ್ಲ?"

ಪ್ರೇಮಕುಮಾರ ಮತ್ತೆ ಕುಂಚ ಅದ್ದಿ, "ಏನಂತ ಬರೀಲಿ?" ಎಂದು ಕೇಳಿದ್ದೇ ತಡ, ಸೇರಿದ್ದ ಹೆಂಗಸರೆಲ್ಲ ಒಟ್ಟಿಗೆ ಒಂದೊಂದು ಹೆಸರು ಹೇಳತೊಡಗಿದರು. ಆ ಗದ್ದಲದ ನಡುವೆ ಮಲಿಕಾ ಇನ್ನೂ ಆರದ ಕೆಂಪು ಅಕ್ಷರಗಳ ಹತ್ತಿರ ಹೋಗಿ, ಮುಟ್ಟದೆ, ನೋಡುತ್ತ ನಿಂತಳು.