ಕಾಂಗ್ ಜುಮಾದಿ ಬಿಟ್ಟುಹೋದ ಉಡ

ಮೀನಿಗೆ ಹೊಗೆ ಹಾಕುವ ಕೊಟ್ಟಿಗೆಯಲ್ಲಿ ನನ್ನ ಪಕ್ಕದ ಒಲೆ ಮರ್ಸಿಯೆಮ್‌ಳದು. ನಾವೆಲ್ಲ ಅವಳನ್ನು ಯೂ ಯೆಮ್ ಅನ್ನುತ್ತೇವೆ. ಯೂ ಅಂದರೆ ಅಕ್ಕ. ಮನೆಯೂ ಎದುರುಬದುರು. ತೊರಕೆ ಮೀನಿನ ತುಂಡುಗಳನ್ನು ತೆಂಗಿನ ಚಿಪ್ಪಿನ ಹೊಗೆಯ ಮೇಲೆ ಮಗುಚುತ್ತ, ಕಣ್ಣು ಒರೆಸಿಕೊಳ್ಳುತ್ತ, ಅವಳ ಬದುಕಿನ ಬಹುಪಾಲನ್ನು ನಾನು ಕೇಳಿದ್ದೇನೆ, ಉಳಿದದ್ದನ್ನು ನೋಡಿದ್ದೇನೆ.

ಯೂ ಯೆಮ್ ಎತ್ತರದ ಹೆಂಗಸು. ತನ್ನ ಮನೆಯೊಳಗೇ ಕುತ್ತಿಗೆ ಬಗ್ಗಿಸಿ ನಡೆಯಬೇಕು. ಸೆಮಾರಾಂಗ್ ನಗರದ ಈ ಉತ್ತರದ ಅಂಚಿನಲ್ಲಿ ನೆಲ ಕುಸಿಯುತ್ತದೆ, ಕಡಲಿನ ಉಬ್ಬರ ಓಣಿಯೊಳಗೆ ಬರುತ್ತದೆ. ನೀರು ಹೊಸಿಲು ದಾಟಿದಾಗಲೆಲ್ಲ ನಾವು ಮಣ್ಣು ತುಂಬಿಸಿ ನೆಲ ಎತ್ತರಿಸುತ್ತೇವೆ. ಸೂರು ಎತ್ತರಿಸುವ ತಾಕತ್ತು ಯಾರಿಗಿದೆ? ಹಾಗಾಗಿ ಕಿಟಕಿಗಳು ಮೊಣಕಾಲಿಗೆ ಬಂದಿವೆ, ಬಾಗಿಲುಗಳು ಕಿಟಕಿಯಷ್ಟಾಗಿವೆ.

ಅವಳ ಗಂಡ ಜುಮಾದಿಯನ್ನು ಓಣಿಯ ಹುಡುಗರಿಂದ ಹಿಡಿದು ಹೆಂಡತಿಯವರೆಗೆ ಎಲ್ಲರೂ ಕಾಂಗ್, ಅಣ್ಣ, ಎಂದೇ ಕರೆಯುತ್ತಿದ್ದರು. ಬಂದರಿನಲ್ಲಿ ಐಸ್ ಒಡೆಯುವ ಕೆಲಸ. ಒಂದು ದಿನ ಯಾರದ್ದೋ ಏಡಿ ಬೋನಿನಲ್ಲಿ ಸಿಕ್ಕಿಬಿದ್ದಿದ್ದ ಗೇಣುದ್ದದ ಉಡದ ಮರಿಯನ್ನು ಅಂಗಿಯೊಳಗಿಟ್ಟುಕೊಂಡು ಮನೆಗೆ ಬಂದ. ಅದು ಬೆಳೆಯಿತು. ಬಾಲ ಸೇರಿಸಿದರೆ ಆಳಿಗಿಂತ ಉದ್ದವಾಯಿತು. ಹೊಟ್ಟೆ ನೆಲಕ್ಕೆ ತಾಗಿಸಿ, ಕತ್ತು ಮೇಲೆತ್ತಿ, ಯಾರ ಕಡೆಗೂ ನೋಡದೆ ಕೂರುವ ಅದರ ಗತ್ತು ನೋಡಿ ಕಾಂಗ್ ಅದಕ್ಕೆ ಲೂರಾ ಎಂದು ಹೆಸರಿಟ್ಟ. ಲೂರಾ ಎಂದರೆ ನಮ್ಮ ವಾರ್ಡಿನ ಯಜಮಾನ.

"ಏನ್ ಕಾಂಗ್, ಲೂರಾನ ಮೀಟಿಂಗ್ ಮುಗೀತಾ?" ಎಂದು ಜನ ಕಿಚಾಯಿಸುತ್ತಿದ್ದರು.

"ಮುಗೀತಪ್ಪ. ನಮ್ ಲೂರಾ ಒಳ್ಳೇದು. ಹೊಟ್ಟೆ ತುಂಬಿದ ಮೇಲೆ ಇನ್ನೂ ಬೇಕು ಅನ್ನಲ್ಲ."

ಭಾನುವಾರ ಅದನ್ನು ಭುಜದ ಮೇಲೆ ಹಾಕಿಕೊಂಡು ಮೈದಾನಕ್ಕೆ ಹೋಗುತ್ತಿದ್ದ. ಅಲ್ಲಿ ಹಾವು, ಉಡ, ಓತಿ ಸಾಕುವವರದೊಂದು ಗುಂಪು ಸೇರುತ್ತಿತ್ತು. ಆದರೆ ಆಟಕ್ಕೆ ಸಾಕಿದವನಲ್ಲ ಅವನು. ಮನೆಯ ಹಿಂದಿನ ಕೋಣೆಯನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದ. ಅರ್ಧ ಸಿಮೆಂಟಿನ ತೊಟ್ಟಿ, ಅರ್ಧ ಮಣ್ಣು, ಮೈ ಕಾಯಿಸಿಕೊಳ್ಳಲು ಬಿಸಿಲು ಬೀಳುವ ಕಿಂಡಿ, ಮಳೆಗಾಲಕ್ಕೊಂದು ದೊಡ್ಡ ಬಲ್ಬು, ಬಾಗಿಲಿಗೆ ಎರಡು ಚಿಲಕ. ಮಕ್ಕಳ ಕೈಗೆ ಎಂದೂ ಕೊಡುತ್ತಿರಲಿಲ್ಲ. ಮುಟ್ಟಿದವರು ಸೋಪು ಹಾಕಿ ಕೈ ತೊಳೆಯದೆ ಮನೆಯಿಂದ ಹೊರಗೆ ಹೋಗುವಂತಿರಲಿಲ್ಲ. "ಇದು ನಾಯಿ ಅಲ್ಲ ಕಣೋ, ಪ್ರೀತಿಗೆ ಸುಮ್ನಿದೆ ಅನ್ಕೋಬೇಡ. ಭಯ ಇಲ್ಲ, ಅದಕ್ಕೆ ಸುಮ್ನಿದೆ" ಎನ್ನುತ್ತಿದ್ದ.

ಯೂ ಯೆಮ್ ಮಾತ್ರ ಆ ಕೋಣೆಗೆ ಕಾಲಿಟ್ಟವಳಲ್ಲ. ಅದರ ನಾಲಗೆ ಕಂಡರೆ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು.

"ನನಗಿಂತ ಅದೇ ಹೆಚ್ಚಾಯ್ತಲ್ಲ ನಿಂಗೆ!"

"ಅದು ಬಯ್ಯಲ್ಲ ಕಣೇ."

ಒಂದು ಬೆಳಗ್ಗೆ ಐಸಿನ ದಿಮ್ಮಿಯ ಮೇಲೆ ಸುತ್ತಿಗೆ ಎತ್ತಿದ ಕಾಂಗ್ ಹಾಗೇ ಕುಸಿದ. ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಮನೆಗೆ ತಂದಾಗ ಬಲಗಡೆಯ ಮೈ ಸತ್ತಿತ್ತು, ಮಾತು ಹೋಗಿತ್ತು. ಎಡಗೈ, ಕಣ್ಣು, "ಹೋ" ಎಂಬ ಒಂದು ಸದ್ದು, ಇಷ್ಟೇ ಉಳಿದದ್ದು. ಮುಂದಿನ ಕೋಣೆಯ ಮಂಚದಲ್ಲಿ ಅವನನ್ನು ಮಲಗಿಸಿದರು. ಗೋಡೆಯ ಆಚೆ ಹಸಿದ ಲೂರಾ ಬಾಗಿಲಿಗೆ ಬಾಲ ಬಡಿಯುತ್ತಿತ್ತು.

ಮೊದಮೊದಲು ಉಡದವರ ಗುಂಪಿನ ವಾಹೊನೊ ಬಂದು ಕೋಳಿ ತಲೆ ಹಾಕಿಹೋಗುತ್ತಿದ್ದ. ಬರಬರುತ್ತ ಅವನೂ ಕೈ ಚೆಲ್ಲಿದ.

"ಯೂ, ಬೇಜಾರ್ ಮಾಡ್ಕೋಬೇಡ. ನನ್ ಮನೆ ಆ ತುದಿ, ಕೆಲಸ ಈ ತುದಿ. ದಿನಾ ಆಗಲ್ಲ."

"ಹಾಗಾದ್ರೆ ತಗೊಂಡೇ ಹೋಗಪ್ಪ. ನಿಮ್ ಗುಂಪಲ್ಲಿ ಯಾರಾದ್ರೂ ಇಟ್ಕೊಳ್ಳಿ."

"ಎಲ್ರ ಮನೇಲೂ ಗೂಡು ತುಂಬಿದೆ. ಮರಿ ಕೊಡ್ತೀನಿ ಅಂದ್ರೆ ಹತ್ತು ಜನ ಬರ್ತಾರೆ. ಇಷ್ಟ್ ದೊಡ್ಡದು ಅಂದ್ರೆ ಒಬ್ರೂ ಫೋನ್ ಎತ್ತಲ್ಲ."

ಅವಳೇ ಕೋಣೆಗೆ ಹೋಗಬೇಕಾಯಿತು. ಮೊದಲ ದಿನವೇ ಬಾಲದ ಏಟು ಮೊಣಕಾಲ ಕೆಳಗೆ ಬಿದ್ದು ಚರ್ಮ ಸುಲಿಯಿತು. ಕಾಂಗ್‌ನ ಮುಂದೆ ಆಡಿನ ಮರಿಯಂತಿದ್ದ ಪ್ರಾಣಿ ಇವಳನ್ನು ಕಂಡರೆ ಗಂಟಲು ಊದಿಸಿ ಬುಸುಗುಟ್ಟುತ್ತಿತ್ತು. ಹೆದರಿಕೆಗೆ ಅವಳು ಬಕೆಟ್ಟುಗಟ್ಟಲೆ ಮೀನಿನ ಕರುಳು ಒಳಗೆ ಸುರಿದು ಚಿಲಕ ಹಾಕಿಬಿಡುತ್ತಿದ್ದಳು. ಕೋಣೆ ನಾರತೊಡಗಿತು. ಅದು ತಿಂದು ತಿಂದು ಕೊಬ್ಬಿ, ಗೋಡೆಯುದ್ದಕ್ಕೂ ಮೂತಿ ತಿಕ್ಕುತ್ತ ಸುತ್ತುತ್ತಿತ್ತು. ಮುಂದಿನ ಕೋಣೆಯಲ್ಲಿ ಗಂಡನ ಮೈ ತೊಳೆ, ಹಿಂದಿನ ಕೋಣೆಯಲ್ಲಿ ಅದರ ತೊಟ್ಟಿ ತೊಳೆ, ನಡುವೆ ಕೊಟ್ಟಿಗೆಗೆ ಬಂದು ಹೊಗೆ ಕುಡಿ. "ಇಬ್ರೂ ಮಾತಾಡಲ್ಲ, ಇಬ್ರೂ ನನ್ನೇ ನೋಡ್ತಾರೆ ಕಣೇ ಫಿಯಾ. ಉಸಿರು ಕಟ್ಟುತ್ತೆ" ಎಂದು ಒಂದು ದಿನ ನನ್ನ ಬಳಿ ಹೇಳಿಕೊಂಡಳು.

"ಅಳಿವೆ ಹತ್ರದ ಕಾಂಡ್ಲಾ ಕಾಡಿಗೆ ಬಿಟ್ಬಿಡೋಣ ಯೂ. ಅಲ್ಲಿಂದಲೇ ಬಂದದ್ದು ತಾನೇ?" ಎಂದವಳು ನಾನು.

ಅದರ ಮೇಲೆ ಹಳೇ ಪಂಚೆ ಎಸೆದು ಸುತ್ತಿ, ಅಕ್ಕಿ ಮೂಟೆಯ ಚೀಲದಲ್ಲಿ ಹಾಕಿಕೊಂಡು, ನನ್ನ ಗಂಡನ ದೋಣಿಯಲ್ಲಿ ಹೋದೆವು. ಮನೆ ಬಿಡುವಾಗ ಕಾಂಗ್ ಎಡಗೈಯಿಂದ ಮಂಚದ ಕಟ್ಟು ಬಡಿದ. ಅವಳು ತಿರುಗಿ ನೋಡಲಿಲ್ಲ. ಅಳಿವೆಯಲ್ಲಿ ಚೀಲದ ಬಾಯಿ ಬಿಚ್ಚಿದಾಗ ಲೂರಾ ಸದ್ದಿಲ್ಲದೆ ನೀರಿಗೆ ಜಾರಿತು, ತಲೆ ಮಾತ್ರ ಮೇಲಿಟ್ಟು ಈಜಿತು. ಯೂ ಯೆಮ್ ದೋಣಿಯಲ್ಲೇ ಅಂಗಾತ ಮಲಗಿ ಆಕಾಶ ನೋಡುತ್ತ "ಅಲ್‌ಹಮ್ದುಲಿಲ್ಲಾ" ಎಂದು ನಿಟ್ಟುಸಿರುಬಿಟ್ಟಳು.

ಆದರೆ ಅದು ಕಾಡಿನೊಳಗೆ ಹೋಗಲಿಲ್ಲ. ಮನುಷ್ಯರು ಕಂಡ ಕಡೆಗೆ ಹೋಯಿತು. ದಂಡೆಯ ಬಿದಿರಿನ ಅಟ್ಟಣೆಯ ಮೇಲೆ ದಾರ್ತೋ ಕೂತಿದ್ದ. ಚರ್ಮಕ್ಕೂ ಮಾಂಸಕ್ಕೂ ಉಡ ಹಿಡಿಯುವುದೇ ಅವನ ಕಸುಬು. ಲೂರಾ ನೀರಿಂದೆದ್ದು ಅಟ್ಟಣೆ ಹತ್ತಿ, ಅವನ ಬುತ್ತಿಯ ಪಕ್ಕ ತಲೆ ಇಟ್ಟು, ನಾಲಗೆ ಆಡಿಸುತ್ತ ನಿಂತಿತು. ದಾರ್ತೋನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಕೋಲಾಗಲಿ ಕುಣಿಕೆಯಾಗಲಿ ಬೇಕಾಗಲಿಲ್ಲ. ಕತ್ತಿನ ಮೇಲೆ ಕೈಯಿಟ್ಟ, ಮುಂಗಾಲು ಎರಡನ್ನೂ ಬೆನ್ನ ಮೇಲೆ ಮಡಚಿ ಹಗ್ಗ ಸುತ್ತತೊಡಗಿದ. ಅದು ಕೊಸರಲಿಲ್ಲ. ಮೈ ತೊಳೆಯುವಾಗ ಕಾಂಗ್‌ನ ಕೈಗೆ ಒಡ್ಡಿಕೊಳ್ಳುತ್ತಿದ್ದ ಹಾಗೆ ಸುಮ್ಮನೆ ಒಡ್ಡಿಕೊಂಡಿತು.

"ಬಿಡೋ! ಬಿಡೋ ಅದನ್ನ!" ಯೂ ಯೆಮ್ ಸೊಂಟದಷ್ಟು ನೀರಿಗೆ ಧುಮುಕಿಬಿಟ್ಟಿದ್ದಳು.

"ಯಾಕೆ ಬಿಡ್ಲಿ? ನೀರಲ್ಲಿ ಬಂದದ್ದು. ನಿನ್ ಹೆಸರು ಬರೆದಿದೆಯಾ ಇದರ ಮೇಲೆ?"

"ಬರೆದಿದೆ. ಲೂರಾ ಅಂತ ಕರಿ, ತಿರುಗಿ ನೋಡುತ್ತೆ. ಕಾಂಗ್ ಜುಮಾದಿ ಸಾಕಿದ್ದು ಅದು."

ದಾರ್ತೋ ಬಂದರಿನ ಹಳೆಯ ಪರಿಚಯದವನು. ಕಾಂಗ್‌ನ ಹೆಸರು ಕೇಳಿ ಹಗ್ಗ ಬಿಚ್ಚಿದ. "ತಗೊಂಡ್ ಹೋಗು ಯೂ. ಆದ್ರೆ ಇದನ್ನ ಇಲ್ಲಿ ಬಿಟ್ರೆ ನಾನಲ್ದಿದ್ರೆ ಇನ್ನೊಬ್ಬ. ಓಡೋಕೇ ಮರೆತಿದೆ ಇದು."

ಬರುವಾಗ ದೋಣಿಯಲ್ಲಿ ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಒದ್ದೆಯಾಗಿ ಕಾಲಿಗೆ ಸುತ್ತಿಕೊಂಡಿದ್ದ ತನ್ನ ಲುಂಗಿಯನ್ನು ಹಿಂಡುತ್ತ, ಅಳುತ್ತಿದ್ದಳು. ಕರುಣೆಗೆ ಅಳುತ್ತಿದ್ದಾಳೆ ಎಂದುಕೊಂಡೆ. "ಇನ್ನು ನಂಗೆ ಬಿಡುಗಡೆ ಇಲ್ಲ ಫಿಯಾ" ಎಂದಳು.

ಮನೆಗೆ ಬಂದು ಗಂಡನ ಮಂಚದ ಮುಂದೆ ನಿಂತು ಸೊಂಟದ ಮೇಲೆ ಕೈಯಿಟ್ಟಳು. "ತಂದಿದ್ದೀನಿ ನಿನ್ ಲೂರಾನ. ಈಗ ಹೇಳು, ಹೇಗೆ ಪಳಗಿಸ್ಬೇಕು? ಮಾತು ಬರ್ದಿದ್ರೆ ಕೈಯಲ್ಲಿ ಹೇಳು."

ಅಂದಿನಿಂದ ಶುರುವಾಯಿತು. ಕಾಂಗ್ ತನ್ನ ಹಳೆಯ ಅಂಗಿಯತ್ತ ಬೆರಳು ತೋರಿದ. ಅವಳು ಅದನ್ನು ಹಾಕಿಕೊಂಡು ಕೋಣೆಗೆ ಹೋಗಬೇಕು. ಮುಖ ಗೋಡೆಯತ್ತ ತಿರುಗಿಸಿದ. ಅದರ ಕಡೆ ದಿಟ್ಟಿಸಬಾರದು, ಬೆನ್ನು ಕೊಟ್ಟು ಕೂರಬೇಕು. ಮುಷ್ಟಿ ಬಿಗಿದು ಮೇಲಿಂದ ಕೆಳಗೆ ತಂದು "ಹೋ!" ಎಂದು ಗದರಿದ, ಮೇಲಿನಿಂದ ಹಿಡಿಯಬಾರದು, ಹದ್ದು ಎರಗುವುದು ಹಾಗೆ. ಕೈಯಿಂದ ತಿನ್ನಿಸಬಾರದು, ಇಕ್ಕಳದಿಂದ ಮಾತ್ರ. ಇಲ್ಲದಿದ್ದರೆ ಅದಕ್ಕೆ ಬೆರಳಿಗೂ ಮೀನಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಉಡದ ಪಟ್ಟು ಎನ್ನುತ್ತಾರಲ್ಲ, ಕಚ್ಚಿ ಹಿಡಿದರೆ ಬಿಡಿಸುವುದು ಕಷ್ಟ. ಒಂದೊಂದು ಸನ್ನೆ ಅರ್ಥವಾಗುವಷ್ಟರಲ್ಲಿ ಇಬ್ಬರೂ ಬೆವರುತ್ತಿದ್ದರು. ಅರ್ಥವಾಗದಿದ್ದರೆ ಅವನು ತಲೆದಿಂಬು ಗುದ್ದುತ್ತಿದ್ದ, ಅವಳು ಬಯ್ಯುತ್ತಿದ್ದಳು. ಮದುವೆಯಾದಾಗಿನಿಂದ ಅವರಿಬ್ಬರು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

ಅವಳು ಕೋಣೆಯ ಮೂಲೆಯಲ್ಲಿ ಮಣೆ ಹಾಕಿಕೊಂಡು ಬೆನ್ನು ಕೊಟ್ಟು ಕೂತು ಈರುಳ್ಳಿ ಸುಲಿಯುತ್ತಿದ್ದಳು. ಹಿಂದೆ ಉಗುರು ಕೆರೆಯುವ ಸದ್ದು ಬಂದರೆ ಅವಳ ಕೈ ನಿಲ್ಲುತ್ತಿತ್ತು. ಓಡಿಬರುವ ಹಾಗಿಲ್ಲ, ಓಡಿದರೆ ಅಲ್ಲಿಯವರೆಗಿನದೆಲ್ಲ ನೀರಿನಲ್ಲಿ ಹೋಮ. ಕರುಳು ಸುರಿಯುವುದು ನಿಂತಿತು. ಅಳತೆಗೆ ತಕ್ಕಷ್ಟು ಇಡೀ ಮೀನು, ಕೋಳಿ ತಲೆ, ನಡುವೆ ಉಪವಾಸದ ದಿನಗಳು. ತಿಂಗಳುಗಳ ಮೇಲೆ ಒಂದು ಮಧ್ಯಾಹ್ನ ಅವಳ ಹಿಮ್ಮಡಿಗೆ ತಣ್ಣನೆಯದೇನೋ ತಾಗಿತು. ಲೂರಾ ಗಲ್ಲವನ್ನು ಅವಳ ಪಾದದ ಮೇಲಿಟ್ಟು ಕಣ್ಣು ಮುಚ್ಚಿತ್ತು. ಅವಳು ಕಾಲು ಜೋಮು ಹಿಡಿಯುವವರೆಗೂ ಅಲುಗಾಡಲಿಲ್ಲ.

"ಖುಷಿಯಾಯ್ತಾ ಯೂ?" ಎಂದು ಕೇಳಿದೆ.

"ಖುಷಿ ಎಲ್ಲಿ ಬಂತು? ಒಂದೇ ಸೆಲ್ಲಲ್ಲಿರೋ ಕೈದಿಗಳು ಒಬ್ರಿಗೊಬ್ರು ಒಗ್ಗಿಕೊಳ್ತಾರಲ್ಲ, ಹಂಗೆ."

ಅವಳ ತಂಗಿ ತುಮಿನಿ ಸಾಲಾತಿಗದ ಗುಡ್ಡದ ಮೇಲೆ ಇರುವವಳು. ಅಲ್ಲಿ ನೆಲ ಗಟ್ಟಿ, ಗಾಳಿ ತಂಪು, ಉಬ್ಬರದ ಹೆಸರಿಲ್ಲ. ಆ ವರ್ಷ ನೀರು ಮಂಚದ ಕಾಲಿನವರೆಗೆ ಬಂದಾಗ ಅವಳು ವ್ಯಾನು ಮಾಡಿಸಿಕೊಂಡೇ ಬಂದಳು.

"ನಡಿ ಯೂ, ಭಾವನ್ನ ಹಿಂದೆ ಮಲಗಿಸೋಣ, ನೀನು ಮುಂದೆ ಕೂತ್ಕೋ. ರೂಮು ಗುಡಿಸಿ ಇಟ್ಟಿದ್ದೀನಿ."

"ಲೂರಾ?"

"ನಿಂಗೇನ್ ತಲೆ ಕೆಟ್ಟಿದೆಯಾ? ಮನೇಲಿ ಮಕ್ಕಳಿದಾರೆ!"

"ಗೂಡು ಭದ್ರವಾಗಿ ಕಟ್ಟಿಸ್ತೀನಿ. ಆದ್ರೆ..." ಎಂದಳು ಯೂ ಯೆಮ್. ವಾಹೊನೊನನ್ನು ಅವಳು ಆಗಲೇ ಕೇಳಿ ತಿಳಿದಿದ್ದಳು. ಇದು ಸೆಕೆಯ ಜೀವ. ಗುಡ್ಡದ ಚಳಿಯಲ್ಲಿ ತಿಂದದ್ದು ಅರಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ. "ಅಲ್ಲಿ ಅದು ಬದುಕಲ್ಲ ಕಣೇ."

"ಸಾಯ್ಲಿ! ನೀನು ಇಲ್ಲಿ ನೀರಲ್ಲಿ ಮುಳುಗಿ ಸಾಯೋದು ಸರೀನಾ? ಒಂದು ಹಲ್ಲಿಗೋಸ್ಕರ!"

"ನೀನೇ ಕೊಂದ್ಬಿಡು ಹಂಗಾದ್ರೆ. ಹೋಗು, ಚಿಲಕ ತೆಗೆದಿದೆ. ಅದು ಏನೂ ಮಾಡಲ್ಲ, ಸುಮ್ನೆ ಕುತ್ತಿಗೆ ಒಡ್ಡುತ್ತೆ."

ತುಮಿನಿ ಬಾಗಿಲವರೆಗೆ ಹೋದಳು. ಒಳಗೆ ಇಣುಕಿ ಬಂದಳು. ಆಮೇಲೆ ಚಹಾ ಕೂಡ ಕುಡಿಯದೆ ವ್ಯಾನು ಹತ್ತಿದಳು. ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೂ ಯೂ ಯೆಮ್ ಮೊಣಕಾಲು ನೀರಿನಲ್ಲಿ ನಿಂತು ನೋಡಿದಳು. ಕೂಗಿ ಕರೆಯುತ್ತಾಳೇನೋ ಎಂದುಕೊಂಡೆ. ಬಾಯಿ ತೆರೆದದ್ದೂ ನಿಜ. ಆದರೆ ತಿರುಗಿ, ಲೂರಾನ ಕೋಣೆಯ ಚಿಲಕ ಹಾಕಲು ಒಳಗೆ ಹೋದಳು.

ಮುಂದಿನ ರಂಜಾನಿಗೆ ಮೊದಲು ಕಾಂಗ್ ಜುಮಾದಿ ತೀರಿಕೊಂಡ. ಸಾವಿನ ಮನೆಗೆ ಬಂದವರೆಲ್ಲ ಅದನ್ನೇ ಹೇಳಿದರು: ಇನ್ನೇನು ತಾಯಿ, ಯಾರಿಗೋಸ್ಕರ ಇಲ್ಲಿರ್ತೀಯ? ಅವಳಿಗೂ ಹಾಗೇ ಅನ್ನಿಸಿರಬೇಕು. ವಾಹೊನೊನನ್ನು ಕಾಡಿ ಬೇಡಿ, ಕರಾವಳಿಯ ಬಿಸಿ ಊರೊಂದರಲ್ಲಿ ಉಡಗಳನ್ನು ಇಟ್ಟುಕೊಳ್ಳುವವನೊಬ್ಬನನ್ನು ಹುಡುಕಿಸಿದಳು. ಲೂರಾನನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ನಾವಿಬ್ಬರೂ ಹೋದೆವು. ತಂಗಿಗೆ ಕೊಡಲೆಂದು ಅವಳು ಹೊಗೆ ಮೀನನ್ನೂ ಕಟ್ಟಿಕೊಂಡಿದ್ದಳು. ಅಲ್ಲಿಂದ ಹಾಗೇ ಗುಡ್ಡದ ಬಸ್ಸು ಹತ್ತುವ ಆಲೋಚನೆ.

ಆ ಮನುಷ್ಯ ಕೆಟ್ಟವನಲ್ಲ. ನಗುನಗುತ್ತ ಮಾತಾಡಿಸಿದ, ಎಳನೀರು ಕೊಟ್ಟ. ಆದರೆ ಹಿತ್ತಿಲಿನಲ್ಲಿ ತಂತಿಬಲೆಯ ಗೂಡುಗಳು ಒಂದರ ಮೇಲೊಂದು. ಒಳಗಿದ್ದ ಉಡಗಳು ತಿರುಗಬೇಕಾದರೆ ಬಾಲ ಮಡಚಬೇಕು. ಬಲೆಗೆ ಮೂತಿ ತಿಕ್ಕಿ ತಿಕ್ಕಿ ಎಲ್ಲವುಗಳ ಮೂಗೂ ಹುಣ್ಣಾಗಿ ಎಲುಬು ಕಾಣುತ್ತಿತ್ತು. ಯೂ ಯೆಮ್ ಗೂಡುಗಳ ಮುಂದೆ ನಿಧಾನವಾಗಿ ನಡೆದಳು. ಎಲ್ಲವೂ ಮನುಷ್ಯರನ್ನು ಕಂಡು ಬಲೆಯ ಹತ್ತಿರ ಬಂದವು. ಅವೂ ಯಾರೋ ಪಳಗಿಸಿ ಸಾಕಿ, ಆಮೇಲೆ ಬೇಡವೆಂದು ತಂದು ಬಿಟ್ಟಿದ್ದಂಥವು.

"ಎಲ್ಲಿಡ್ತೀಯಪ್ಪ ನಮ್ಮದನ್ನ?"

"ಮೇಲಿನ ಸಾಲಲ್ಲಿ ಒಂದು ಖಾಲಿಯಾಗಿದೆ ಅಮ್ಮ. ಮೊನ್ನೆ ಒಂದು ಸತ್ತೋಯ್ತು."

ಅವಳು ಪೆಟ್ಟಿಗೆಯ ಹಿಡಿಕೆ ನನ್ನ ಕೈಗೆ ಕೊಟ್ಟಳು, "ಹಿಡ್ಕೋ, ಆ ಕಡೆ ಎತ್ತು" ಎಂದಳು. ಬಸ್ ಸ್ಟ್ಯಾಂಡಿನಲ್ಲಿ ಗುಡ್ಡದ ಬಸ್ಸು ಹೊರಟು ನಿಂತಿತ್ತು. ಕಂಡಕ್ಟರ್ ಊರ ಹೆಸರು ಕೂಗುತ್ತಿದ್ದ. ನಾವು ಸೆಮಾರಾಂಗಿನ ಬಸ್ಸಿಗೆ ಕಾದೆವು. ಹೊಗೆ ಮೀನನ್ನು ದಾರಿಯಲ್ಲಿ ಅನ್ನದ ಜೊತೆ ನಾವೇ ತಿಂದೆವು.

ಆಮೇಲೆ ಅವಳು ಹೋಗುವ ಮಾತೆತ್ತಲಿಲ್ಲ. ತಂಗಿಯ ಫೋನು ಬಂದರೆ ಮಳೆಯ ಬಗ್ಗೆ, ಮಕ್ಕಳ ಬಗ್ಗೆ ಮಾತಾಡಿ ಇಡುತ್ತಾಳೆ. ಈಚೆಗೆ ಅವಳಿಗೂ ಬಿ.ಪಿ. ಎಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಆ ದಿನ ಕೊಟ್ಟಿಗೆಯಲ್ಲಿ ಒಲೆ ಊದುವುದನ್ನು ಬಿಟ್ಟು ನನ್ನತ್ತ ತಿರುಗಿದಳು.

"ಲೂರಾಗೆ ಇನ್ನೂ ವರ್ಷಾನುಗಟ್ಟಲೆ ಆಯಸ್ಸಿದೆಯಂತೆ. ನಾನು ಬಿದ್ರೆ ಅದಕ್ಕೆ ಯಾರು?"

"ಹಂಗೆಲ್ಲ ಮಾತಾಡ್ಬೇಡ ಯೂ."

"ಮಾತಾಡ್ದಿದ್ರೆ ಬಿ.ಪಿ. ಇಳಿಯುತ್ತಾ? ಶುಕ್ರವಾರ ಬಾ ನಮ್ಮನೆಗೆ. ಸ್ನಾನ ಮಾಡ್ಕೊಂಡು ಬಾ, ಮೀನು ವಾಸ್ನೆ ಇರ್ಬಾರ್ದು. ಸುಮ್ನೆ ಕೂತ್ಕೊಂಡ್ರೆ ಸಾಕು."

"ನನ್ ಕೈಲಾಗಲ್ಲಪ್ಪ! ಮಗಳ ಮದುವೆ ಇದೆ, ಅತ್ತೆ ಹಾಸಿಗೆ ಹಿಡಿದಿದಾರೆ..."

"ಯಾರ ಕೈಲೂ ಆಗಲ್ಲ" ಎಂದು ಅವಳು ಮತ್ತೆ ಒಲೆಯತ್ತ ತಿರುಗಿದಳು.

ಶುಕ್ರವಾರ ಹೋದೆ. ಬಾಗಿಲಲ್ಲಿ ಬಗ್ಗಿ, ಎರಡೂ ಚಿಲಕ ದಾಟಿ ಒಳಗೆ ಕೂತೆ. ಹೊರಗಿನಿಂದ ಅವಳು ಚಿಲಕ ಹಾಕಿಕೊಂಡ ಸದ್ದು ಕೇಳಿತು. ಈಗ ವಾರಕ್ಕೆರಡು ಸಲ ಹೋಗುತ್ತಿದ್ದೇನೆ. ಅದು ನನ್ನನ್ನು ಕಂಡರೆ ಇನ್ನೂ ಗಂಟಲು ಊದಿಸುತ್ತದೆ. ನಾನೂ ಇನ್ನೂ ಅದರ ಕಡೆ ನೋಡಿಲ್ಲ. ಗೋಡೆಯ ಮೇಲೆ ಉಪ್ಪು ನೀರು ಬಿಟ್ಟುಹೋದ ಗುರುತನ್ನು ನೋಡುತ್ತ ಕೂರುತ್ತೇನೆ.